ಮನಸ್ಸಿಲ್ಲದ ದಿನ ಸೇವೆ ನಿಲ್ಲಿಸಬೇಕಾ?

ಪ್ರಶ್ನೆ: ನಾನು ಮೈಸೂರಿನವಳು, ಬ್ಯಾಂಕಿನಲ್ಲಿ ಕೆಲಸ. ನಮ್ಮ ಚರ್ಚಿನ ಸ್ತ್ರೀ ಸಂಘದಲ್ಲಿದ್ದೇನೆ. ನಮ್ಮ ಚರ್ಚಿನವರೇ ಆದ, ಮನೆಯಲ್ಲಿ ಒಬ್ಬರೇ ಇರುವ ಅಜ್ಜಿಯೊಬ್ಬರಿಗೆ ವಾರಕ್ಕೆ ಮೂರು ದಿನ ಊಟ ಕೊಟ್ಟು ಬರುತ್ತೇನೆ. ತಿಂಗಳಿಗೊಂದು ಸಲ ಸಂಘದವರೆಲ್ಲ ಸೇರಿ ಸರ್ಕಾರಿ ಆಸ್ಪತ್ರೆಯ ವಾರ್ಡಿಗೆ ಹೋಗಿ ಹಣ್ಣು, ಬ್ರೆಡ್ ಹಂಚಿ ಪ್ರಾರ್ಥನೆ ಮಾಡಿ ಬರುತ್ತೇವೆ. ಶುರುವಿನಲ್ಲಿ ತುಂಬಾ ಖುಷಿಯಿಂದ ಮಾಡುತ್ತಿದ್ದೆ. ಈಗ ಸುಮ್ನೆ ಅಭ್ಯಾಸಕ್ಕೆ ಹೋಗಿ ಬರುವ ಹಾಗಾಗಿದೆ. ಅಜ್ಜಿ ದಿನಾ ಸಾರಿಗೆ ಉಪ್ಪು ಜಾಸ್ತಿ, ಅನ್ನ ಗಟ್ಟಿ ಅಂತಾರೆ, ನನಗೆ ಸಿಟ್ಟು ಬರುತ್ತೆ. ಹೋದ ತಿಂಗಳು ವಾರ್ಡಿನಲ್ಲಿ ತೆಗೆದ ಫೋಟೋ ಚರ್ಚಿನ ವಾಟ್ಸಾಪ್ ಗುಂಪಿಗೆ ಹಾಕಿದರು. ಎಲ್ಲರೂ ಹೊಗಳಿದರು. ಒಳಗೊಳಗೇ ಖುಷಿಯಾಯಿತು, ಆಮೇಲೆ ನಾಚಿಕೆಯಾಯಿತು. ಪ್ರೀತಿಯಿಲ್ಲದೆ ಮಾಡಿದ ಸೇವೆ ದೇವರ ಮುಂದೆ ಏನೂ ಅಲ್ಲ ಅಂತ ಚರ್ಚಿನ ಪ್ರಸಂಗದಲ್ಲಿ ಕೇಳಿದೆ. ಮನಸ್ಸು ಸರಿಹೋಗುವ ತನಕ ಎಲ್ಲ ನಿಲ್ಲಿಸಿಬಿಡಲಾ?

ಉತ್ತರ:

ನಿಲ್ಲಿಸಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ನೀವು ಮನಸ್ಸು ಸರಿ ಮಾಡಿಕೊಳ್ಳುತ್ತಾ ಮನೆಯಲ್ಲಿ ಕೂತರೆ ಆ ಮೂರು ದಿನ ಅಜ್ಜಿ ಏನು ತಿನ್ನುತ್ತಾರೆ?

ನಿಮ್ಮ ಪ್ರಶ್ನೆಯನ್ನು ನಿಧಾನವಾಗಿ ಓದಿದೆ. ಅದರಲ್ಲಿ ನಿಮ್ಮ ಮನಸ್ಸಿನ ಬಗ್ಗೆ ತುಂಬಾ ಇದೆ. ಅಜ್ಜಿಯ ಬಗ್ಗೆ ಇರುವುದು ಉಪ್ಪಿನ ದೂರು ಮಾತ್ರ. ಬೇಜಾರು ಮಾಡ್ಕೋಬೇಡಿ, ತಪ್ಪು ಹುಡುಕಲು ಇದನ್ನು ಹೇಳುತ್ತಿಲ್ಲ. ಭಕ್ತಿಯಿರುವ, ತಮ್ಮನ್ನು ತಾವೇ ಪರೀಕ್ಷೆ ಮಾಡಿಕೊಳ್ಳುವ ಎಷ್ಟೋ ಜನರಿಗೆ ಹೀಗೇ ಆಗುತ್ತದೆ. ನನ್ನ ಮನಸ್ಸು ಶುದ್ಧವಾಗಿದೆಯಾ, ಪ್ರೀತಿ ಇದೆಯಾ, ಒಳಗೆ ಹೆಮ್ಮೆ ಇದೆಯಾ ಅಂತ ನೋಡಿ ನೋಡಿ ಕಡೆಗೆ ಕಣ್ಣೆಲ್ಲ ತಮ್ಮ ಮೇಲೇ ಉಳಿದುಬಿಡುತ್ತದೆ, ಎದುರಿಗೆ ಇರುವವರು ಕಾಣುವುದೇ ಇಲ್ಲ. ನಾನು ಬಹಳ ಕಾಲ ಆಸ್ಪತ್ರೆಯಲ್ಲಿ ಚಾಪ್ಲಿನ್ ಆಗಿ, ಅಂದರೆ ರೋಗಿಗಳಿಗೆ ಧೈರ್ಯ ಹೇಳಿ ಪ್ರಾರ್ಥನೆ ಮಾಡುವವನಾಗಿ, ಕೆಲಸ ಮಾಡಿದವನು. ರೋಗಿಗಳ ಪಕ್ಕದಲ್ಲಿ ನಿಂತು ಕಂಡದ್ದನ್ನೂ ಸತ್ಯವೇದ (ಬೈಬಲ್) ಓದಿ ತಿಳಿದದ್ದನ್ನೂ ಸೇರಿಸಿ ಹೇಳುವುದಾದರೆ, ಪ್ರಾಮಾಣಿಕ ಮನಸ್ಸಿನ ಸೇವೆ ಅಂದರೆ ಎದೆ ತುಂಬಿ ಬರುವುದಲ್ಲ. ಎದುರಿಗೆ ಇರುವವರಿಗೆ ಏನು ಬೇಕು ಅಂತ ನೋಡಿ ಅದನ್ನು ಮಾಡುವುದು.

ಮತ್ತಾಯನ ಸುವಾರ್ತೆಯ 21ನೇ ಅಧ್ಯಾಯದಲ್ಲಿ ಯೇಸು ಸ್ವಾಮಿ ಹೇಳಿದ ಒಂದು ಸಣ್ಣ ಕಥೆ ಇದೆ. ಅಪ್ಪನಿಗೆ ಇಬ್ಬರು ಗಂಡುಮಕ್ಕಳು. ದ್ರಾಕ್ಷಿ ತೋಟಕ್ಕೆ ಹೋಗಿ ಕೆಲಸ ಮಾಡು ಅಂತ ಇಬ್ಬರಿಗೂ ಹೇಳುತ್ತಾನೆ. ಒಬ್ಬ 'ನಾನು ಹೋಗಲ್ಲ' ಅಂತಾನೆ, ಆಮೇಲೆ ಮನಸ್ಸು ಬದಲಾಯಿಸಿ ಹೋಗುತ್ತಾನೆ. ಇನ್ನೊಬ್ಬ 'ಹೋಗ್ತೀನಪ್ಪಾ' ಅಂತ ಚೆನ್ನಾಗಿ ಹೇಳಿ ಹೋಗುವುದೇ ಇಲ್ಲ. ಇವರಿಬ್ಬರಲ್ಲಿ ಅಪ್ಪನ ಇಷ್ಟದ ಹಾಗೆ ನಡೆದವನು ಯಾರು ಅಂತ ಯೇಸು ಕೇಳುತ್ತಾನೆ. ಮೊದಲನೆಯವನು ತೋಟಕ್ಕೆ ಹೋಗುವ ದಾರಿಯಲ್ಲಿ ಹಾಡು ಹೇಳಿಕೊಂಡು ಹೋದನಾ, ಗೊಣಗಿಕೊಂಡು ಹೋದನಾ ಅಂತ ಕಥೆಯಲ್ಲಿ ಇಲ್ಲ. ಹೋದ, ಅಷ್ಟೇ.

ಶಿಲುಬೆಗೆ ಹಾಕುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸು ಸ್ವಾಮಿಯೇ ಈ ಸಂಕಟದ ಪಾತ್ರೆ ನನ್ನಿಂದ ದಾಟಿಹೋಗಲಿ ಅಂತ ಬೇಡಿಕೊಂಡನು. ಮುಂದೆ ಆಗಲಿದ್ದದ್ದು ಅವನಿಗೆ ಬೇಕಾಗಿರಲಿಲ್ಲ. ಹಾಗಂತ ಶಿಲುಬೆಯ ದಾರಿಯಲ್ಲಿ ಅವನ ಮನಸ್ಸು ಶುದ್ಧವಾಗಿರಲಿಲ್ಲ ಅಂತ ಯಾವ ಕ್ರೈಸ್ತನೂ ಹೇಳುವುದಿಲ್ಲ.

ಮದರ್ ತೆರೇಸಾ ಅವರನ್ನು ನೋಡಿ. 1948ರಲ್ಲಿ ಲೊರೆಟೊ ಕಾನ್ವೆಂಟ್ ಬಿಟ್ಟು ಕೊಲ್ಕತ್ತಾದ ಬಡವರ ಬೀದಿಗಳಿಗೆ ಹೋದರು. 1950ರಲ್ಲಿ ಅವರ ಸಂಸ್ಥೆ ಶುರುವಾಯಿತು. ಅವರು 1997ರಲ್ಲಿ ತೀರಿಕೊಂಡ ಮೇಲೆ, 2007ರಲ್ಲಿ, ಅವರು ತಮ್ಮ ಗುರುಗಳಿಗೆ ಗುಟ್ಟಾಗಿ ಬರೆದಿದ್ದ ಪತ್ರಗಳು ಪ್ರಕಟವಾದವು. ಓದಿದವರಿಗೆಲ್ಲ ಆಶ್ಚರ್ಯ. ಸುಮಾರು 50 ವರ್ಷ, ನಡುವೆ ಸ್ವಲ್ಪ ಕಾಲ ಬಿಟ್ಟರೆ, ದೇವರು ಹತ್ತಿರ ಇದ್ದಾನೆ ಅನ್ನುವ ಅನುಭವವೇ ಅವರಿಗೆ ಇರಲಿಲ್ಲ. ಪ್ರಾರ್ಥನೆ ಒಣಗಿತ್ತು. ಒಳಗೆ ಕತ್ತಲೆ. ಆದರೂ ಬೆಳಗ್ಗೆ ಎದ್ದು ಅದೇ ಕೆಲಸಕ್ಕೆ ಹೋಗುತ್ತಿದ್ದರು. ಒಳಗೊಂದು ಹೊರಗೊಂದು ಅಂತ ಆಗ ಕೆಲವರು ಬರೆದರು. ನನಗೆ ಮಾತ್ರ ಆ ಪತ್ರಗಳನ್ನು ಓದಿದ ಮೇಲೆ ಅವರ ಮೇಲಿನ ಗೌರವ ಹೆಚ್ಚಾಯಿತು. ಒಳಗಿನಿಂದ ಏನೂ ಸಿಗದಿದ್ದರೂ ಅವರು ಸಾಯುತ್ತಿದ್ದವರ ಬಾಯಿಗೆ ನೀರು ಹಾಕಿದರು. ತಮಗೆ ಸಿಗುವ ಸಮಾಧಾನಕ್ಕಾಗಿ ಅದನ್ನು ಮಾಡಲಿಲ್ಲ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು?

ಅಸ್ಸಿಸಿಯ ಸಂತ ಫ್ರಾನ್ಸಿಸ್ 1226ರಲ್ಲಿ, ಸಾಯುವ ಸ್ವಲ್ಪ ಮೊದಲು ಬರೆಸಿದ ಮಾತುಗಳಲ್ಲಿ ಇನ್ನೊಂದು ಬಗೆ ಕಾಣುತ್ತದೆ. ಮೊದಲು ನನಗೆ ಕುಷ್ಠರೋಗಿಗಳನ್ನು ನೋಡುವುದೇ ಕಹಿಯಾಗಿತ್ತು, ದೇವರು ನನ್ನನ್ನು ಅವರ ನಡುವೆ ಕರೆದುಕೊಂಡು ಹೋದನು, ಅವರಿಗೆ ದಯೆ ತೋರಿಸಿದೆ, ಆಮೇಲೆ ಕಹಿಯಾಗಿದ್ದದ್ದೇ ಸಿಹಿಯಾಯಿತು ಅಂತ ಅವರು ಹೇಳುತ್ತಾರೆ. ಅಲ್ಲಿ ಹೋಗಿ ಸೇವೆ ಮಾಡಿದ್ದು ಮೊದಲು. ಮನಸ್ಸು ಬದಲಾದದ್ದು ಆಮೇಲೆ. ನಾವು ಮನಸ್ಸು ಬರಲಿ ಆಮೇಲೆ ಹೋಗೋಣ ಅಂತ ಕಾಯುತ್ತೇವೆ. ಫ್ರಾನ್ಸಿಸ್‌ಗೆ ಮನಸ್ಸು ಬಂತು, ತೆರೇಸಾ ಅವರಿಗೆ ಬಹುಪಾಲು ಬರಲೇ ಇಲ್ಲ. ಇಬ್ಬರನ್ನೂ ಸಭೆ ಸಂತರು ಅಂತ ಕರೆದಿದೆ.

ಹಾಗಾದರೆ ಪ್ರಸಂಗದಲ್ಲಿ ಕೇಳಿದ್ದು ಸುಳ್ಳಾ? ಸುಳ್ಳಲ್ಲ. ನಿಮ್ಮ ಚರ್ಚಿನ ಪಾದ್ರಿ ಅಯ್ಯನವರು ಸತ್ಯವೇದದ 1 ಕೊರಿಂಥ 13ರಿಂದ ಹೇಳಿರಬೇಕು. ನನಗಿರುವುದನ್ನೆಲ್ಲ ಹಂಚಿಕೊಟ್ಟರೂ ಪ್ರೀತಿ ಇಲ್ಲದಿದ್ದರೆ ನನಗೆ ಏನೂ ಪ್ರಯೋಜನವಿಲ್ಲ ಅಂತ ಆದಿ ಕ್ರೈಸ್ತರ ಗುರು ಪೌಲನು ಅಲ್ಲಿ ಬರೆಯುತ್ತಾನೆ. ಇದು ಗಟ್ಟಿ ಮಾತು, ಇದನ್ನು ತೆಳ್ಳಗೆ ಮಾಡಬಾರದು. ಆದರೆ ಅಲ್ಲಿಗೇ ನಿಲ್ಲಿಸದೆ ಮುಂದಿನ ವಚನಗಳನ್ನೂ ಓದಿ. ಪ್ರೀತಿ ತಾಳಿಕೊಳ್ಳುತ್ತದೆ, ದಯೆ ತೋರಿಸುತ್ತದೆ, ಹೊಗಳಿಕೊಳ್ಳುವುದಿಲ್ಲ, ಉಬ್ಬಿಕೊಳ್ಳುವುದಿಲ್ಲ, ಸಿಟ್ಟುಗೊಳ್ಳುವುದಿಲ್ಲ, ಅಪಕಾರವನ್ನು ಲೆಕ್ಕ ಇಡುವುದಿಲ್ಲ. ಪ್ರೀತಿ ಅಂದ್ರೆ ಬೆಚ್ಚಗಿನ ಭಾವನೆ ಅಂತ ಆ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಇನ್ನೊಬ್ಬರ ಜೊತೆ ಹೇಗೆ ನಡೆದುಕೊಳ್ಳಬೇಕು ಅನ್ನುವುದೇ ತುಂಬಿದೆ. ಹಾಗಾಗಿ ಅಜ್ಜಿಯ ಮನೆ ಬಾಗಿಲಲ್ಲಿ ನಿಮಗೆ ಖುಷಿ ಉಕ್ಕಲಿಲ್ಲ ಅನ್ನುವುದು ಪೌಲನ ಪ್ರಶ್ನೆಯೇ ಅಲ್ಲ. ಸಿಟ್ಟು ಬಂದಾಗ ಏನು ಮಾಡಿದಿರಿ ಅನ್ನುವುದು ಅವನ ಪ್ರಶ್ನೆ. ಅದಕ್ಕೇ ಆ ಉಪ್ಪಿನ ವಿಷಯ ಸ್ವಲ್ಪ ಬಿಡಿಸಿ ಮಾತಾಡೋಣ.

ಅದಕ್ಕೆ ಮೊದಲು ಒಂದು ಹಳೇ ಘಟನೆ. 1617, ಫ್ರಾನ್ಸಿನ ಷಾಟಿಯೋಂ ಅನ್ನುವ ಸಣ್ಣ ಊರು. ವಿನ್ಸೆಂಟ್ ಡಿ ಪೌಲ್ ಅಲ್ಲಿ ಹೊಸದಾಗಿ ಬಂದ ಪಾದ್ರಿ. ಒಂದು ಭಾನುವಾರ ಪೂಜೆಗೆ ಸಿದ್ಧರಾಗುತ್ತಿದ್ದಾಗ, ಊರಾಚೆ ಒಂದು ಮನೆಯಲ್ಲಿ ಎಲ್ಲರೂ ಕಾಯಿಲೆ ಬಿದ್ದಿದ್ದಾರೆ, ನೋಡಿಕೊಳ್ಳಲು ಯಾರೂ ಇಲ್ಲ ಅಂತ ಸುದ್ದಿ ಬಂತು. ಅವರು ಪ್ರಸಂಗದಲ್ಲಿ ಅದನ್ನು ಹೇಳಿದರು. ಜನರ ಮನಸ್ಸು ಕರಗಿತು. ಮಧ್ಯಾಹ್ನ ಅವರು ಆ ಮನೆಗೆ ಹೊರಟರೆ ದಾರಿ ತುಂಬಾ ಜನ, ಕೆಲವರು ಹೋಗುತ್ತಿದ್ದಾರೆ, ಕೆಲವರು ಕೊಟ್ಟು ವಾಪಸ್ ಬರುತ್ತಿದ್ದಾರೆ, ಬೇಕಾದಷ್ಟು ಊಟ ಅಲ್ಲಿ ಬಂದು ಬಿದ್ದಿದೆ. ಬೇರೆ ಯಾರಾದರೂ ಆಗಿದ್ದರೆ ದೇವರಿಗೆ ಸ್ತೋತ್ರ ಅಂತ ಹೇಳಿ ಮನೆಗೆ ಹೋಗುತ್ತಿದ್ದರು. ವಿನ್ಸೆಂಟರಿಗೆ ಬೇರೆ ಯೋಚನೆ ಬಂತು. ಇವತ್ತು ಇಷ್ಟೆಲ್ಲ ಬಂದಿದೆ, ಅರ್ಧ ಕೆಟ್ಟು ಹೋಗುತ್ತದೆ, ನಾಳೆಯಿಂದ ಈ ಮನೆಯವರು ಮತ್ತೆ ಉಪವಾಸ. ಪ್ರೀತಿ ತುಂಬಾ ಇದೆ, ಆದರೆ ಅದಕ್ಕೊಂದು ಕ್ರಮ ಇಲ್ಲ.

ಹಾಗಾಗಿ ಊರಿನ ಕೆಲವು ಹೆಂಗಸರನ್ನು ಸೇರಿಸಿ ಒಂದು ಸಂಘ ಕಟ್ಟಿದರು. ದಿನಕ್ಕೊಬ್ಬರ ಸರದಿ. ಅದಕ್ಕೆ ಅವರು ಬರೆದ ನಿಯಮ ಇವತ್ತಿಗೂ ಉಳಿದಿದೆ, ನಿಮ್ಮಂಥವರು ಓದಲೇಬೇಕಾದದ್ದು. ಅದರಲ್ಲಿ ದೊಡ್ಡ ದೊಡ್ಡ ಭಕ್ತಿಯ ಮಾತಿಗಿಂತ ಊಟ ಬಡಿಸುವ ವಿವರವೇ ಮನಸ್ಸಿಗೆ ನಾಟುತ್ತದೆ. ರೋಗಿಯನ್ನು ಕಂಡ ಕೂಡಲೇ ಸಂತೋಷದಿಂದ ಮಾತಾಡಿಸಬೇಕು. ಹಾಸಿಗೆಯ ಮೇಲೆ ತಟ್ಟೆಯಿಟ್ಟು ಬಟ್ಟೆ ಹಾಸಬೇಕು. ಕೈ ತೊಳೆಸಬೇಕು. ಊಟದ ಪ್ರಾರ್ಥನೆ ಹೇಳಬೇಕು. ಮಾಂಸವನ್ನು ಅವರಿಗಾಗಿ ಕತ್ತರಿಸಿ ಕೊಡಬೇಕು. ಸ್ವಂತ ಮಗನಿಗೆ ಮಾಡುವ ಹಾಗೆ ಎಲ್ಲವನ್ನೂ ಪ್ರೀತಿಯಿಂದ ಮಾಡಬೇಕು. ಕಡೆಗೆ ಒಂದು ಮಾತು ಬರುತ್ತದೆ. ಜೊತೆಗೆ ಯಾರಾದರೂ ಇರುವ ರೋಗಿಯ ಮನೆಗೆ ಮೊದಲು ಹೋಗಿ, ಒಬ್ಬರೇ ಇರುವವರ ಮನೆಗೆ ಕಡೆಯಲ್ಲಿ ಹೋಗಿ, ಆಗ ಅವರ ಹತ್ತಿರ ಜಾಸ್ತಿ ಹೊತ್ತು ಕೂರಬಹುದು.

ನನಗೆ ಈ ಕಡೆಯ ಸಾಲು ಓದಿದಾಗಲೆಲ್ಲ ಗಂಟಲು ಕಟ್ಟುತ್ತದೆ. ಎಷ್ಟು ಸರಿಯಾಗಿ ನೋಡಿದ್ದಾರೆ, ಅಲ್ವಾ? ಒಬ್ಬರೇ ಇರುವವರಿಗೆ ಊಟಕ್ಕಿಂತ ಜಾಸ್ತಿ ಬೇಕಾದದ್ದು ಏನು ಅಂತ ಅವರಿಗೆ ಗೊತ್ತಿತ್ತು, ಅದನ್ನು ಹೋಗುವ ಮನೆಗಳ ಸರದಿಯಲ್ಲೇ ಸೇರಿಸಿಬಿಟ್ಟರು. ಇವತ್ತು ಬೇಸರವಾಗಿದೆ, ಬೇಗ ಎದ್ದು ಹೋಗೋಣ ಅಂತ ಅನಿಸಿದರೂ ಊಟ ತಂದ ಹೆಂಗಸಿಗೆ ಮುಂದೆ ಹೋಗಲು ಇನ್ನೊಂದು ಮನೆ ಇರುವುದಿಲ್ಲ.

ಈಗ ನಿಮ್ಮ ಅಜ್ಜಿ. ನೀವು ಆಫೀಸಿಗೆ ಹೋಗುವ ಮೊದಲು ಡಬ್ಬಿ ಕೊಟ್ಟು ಹೋಗುತ್ತೀರಾ, ಸಂಜೆ ಕೊಡುತ್ತೀರಾ ಗೊತ್ತಿಲ್ಲ. ಬಾಗಿಲಲ್ಲೇ ಡಬ್ಬಿ ಬದಲಾಯಿಸಿಕೊಂಡು ಬರುವುದಾದರೆ ಅಜ್ಜಿಗೆ ನಿಮ್ಮ ಜೊತೆ ಮಾತಾಡಲು ಇರುವ ವಿಷಯ ಆ ಸಾರು ಒಂದೇ. ಅದಕ್ಕೇ ಸಾರಿನ ಬಗ್ಗೆ ಮಾತಾಡುತ್ತಾರೆ. ಇನ್ನೂ ಒಂದಿದೆ. ಜೀವಮಾನವೆಲ್ಲ ತಾನೇ ಒಲೆ ಮುಂದೆ ನಿಂತು ಹತ್ತು ಜನಕ್ಕೆ ಬಡಿಸಿದ ಹೆಂಗಸಿಗೆ ಈಗ ಇನ್ನೊಬ್ಬರು ಕೊಟ್ಟದ್ದನ್ನೇ ತಿನ್ನಬೇಕು, ಏನು ಅಡುಗೆ ಅಂತ ಯಾರೂ ಕೇಳುವುದಿಲ್ಲ, ಯಾವಾಗ ಬರುತ್ತದೆ ಅಂತಲೂ ತಾನು ಹೇಳುವ ಹಾಗಿಲ್ಲ. ಉಪ್ಪು ಜಾಸ್ತಿ ಅಂತ ಹೇಳುವುದಷ್ಟೇ ಅವರ ಕೈಯಲ್ಲಿ ಉಳಿದಿದೆ. ಅದನ್ನು ಕೃತಜ್ಞತೆ ಇಲ್ಲದ ಮಾತು ಅಂತ ತೆಗೆದುಕೊಳ್ಳಬೇಡಿ. ಅವರಿಗೆ ಬಿ.ಪಿ. ಇದ್ದು ಡಾಕ್ಟರು ಉಪ್ಪು ಕಡಿಮೆ ಮಾಡಿ ಅಂದಿರಬಹುದು. ಹಲ್ಲಿಲ್ಲದವರಿಗೆ ಅನ್ನ ನಿಜವಾಗಿಯೂ ಗಟ್ಟಿಯೇ. ಕೇಳಿ ನೋಡಿ. ನಾಳೆ ಏನು ಮಾಡಿಕೊಂಡು ಬರಲಿ ಅಜ್ಜಿ, ನಿಮ್ಮ ಕಡೆ ಬಸ್ಸಾರು ಹೇಗೆ ಮಾಡುತ್ತಿದ್ದಿರಿ ಅಂತ ಕೇಳಿ. ಮೂರು ದಿನದಲ್ಲಿ ಒಂದು ದಿನ ಹೋಗುವಾಗ ಕೈಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು ಹೋಗಿ, ಕೂತುಕೊಳ್ಳಿ, ಫೋನ್ ಬ್ಯಾಗಿನಲ್ಲೇ ಇರಲಿ.

ದೂರು ಕೇಳಿದಾಗ ಏನು ಮಾಡಬೇಕು ಅನ್ನುವುದಕ್ಕೆ ಆದಿ ಸಭೆಯಲ್ಲೇ, ಅಂದರೆ ಮೊದಮೊದಲ ಕ್ರೈಸ್ತರಲ್ಲೇ, ಒಂದು ಉದಾಹರಣೆ ಇದೆ. ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯ. ಯೆರೂಸಲೇಮಿನಲ್ಲಿ ದಿನಾ ವಿಧವೆಯರಿಗೆ ಊಟ ಹಂಚುತ್ತಿದ್ದರು. ಗ್ರೀಕ್ ಮಾತಾಡುವವರ ಕಡೆಯ ವಿಧವೆಯರಿಗೆ ಸರಿಯಾಗಿ ಸಿಗುತ್ತಿಲ್ಲ ಅಂತ ಗೊಣಗಾಟ ಶುರುವಾಯಿತು. ಪುಕ್ಕಟೆ ಊಟ ತಿಂದು ಮತ್ತೆ ದೂರು ಬೇರೆ ಅಂತ ಸಭೆಯ ಮುಂದಾಳುಗಳಾದ ಅಪೊಸ್ತಲರು ಹೇಳಲಿಲ್ಲ. ಸುಮ್ಮನೆ ಪ್ರಾರ್ಥನೆ ಮಾಡೋಣ ಅಂತಲೂ ಬಿಡಲಿಲ್ಲ. ಎಲ್ಲರನ್ನೂ ಕರೆದು, ಒಳ್ಳೆ ಹೆಸರಿರುವ, ಪವಿತ್ರಾತ್ಮಭರಿತರಾದ ಏಳು ಜನರನ್ನು ಈ ಕೆಲಸಕ್ಕೇ ಆರಿಸಿದರು. ಊಟ ಹಂಚುವ ಕೆಲಸಕ್ಕೆ ಪವಿತ್ರಾತ್ಮಭರಿತರು ಬೇಕು ಅಂತ ಅವರಿಗೆ ಅನಿಸಿತ್ತು. ಸ್ತೆಫನನು ಆ ಏಳು ಜನರಲ್ಲಿ ಒಬ್ಬ.

ಇದೇ ಅಧ್ಯಾಯ ನಿಮ್ಮ ಸುಸ್ತಿಗೂ ಉತ್ತರ ಕೊಡುತ್ತದೆ. ನನಗನಿಸುವುದು, ನಿಮ್ಮ ಸಿಟ್ಟಿನಲ್ಲಿ ಅರ್ಧ ಆತ್ಮಿಕ ಸಮಸ್ಯೆಯೇ ಅಲ್ಲ, ಬರೀ ಆಯಾಸ. ಬ್ಯಾಂಕಿನ ಕೆಲಸ, ಮನೆ, ಅದರ ಮೇಲೆ ವಾರಕ್ಕೆ ಮೂರು ದಿನ ಒಬ್ಬರೇ ಈ ಜವಾಬ್ದಾರಿ. ಅಪೊಸ್ತಲರೇ ನಮ್ಮಿಂದ ಎಲ್ಲ ಆಗಲ್ಲ ಅಂತ ಕೆಲಸ ಹಂಚಿಕೊಂಡರು. ಶಿಷ್ಯರಿಗೆ ಊಟಕ್ಕೂ ಪುರುಸೊತ್ತು ಇಲ್ಲದಾಗ ಯೇಸು ಸ್ವಾಮಿ ಅವರನ್ನು ಜನರಿಲ್ಲದ ಕಡೆಗೆ ಬನ್ನಿ, ಸ್ವಲ್ಪ ದಣಿವಾರಿಸಿಕೊಳ್ಳಿ ಅಂತ ಕರೆದನು, ಮಾರ್ಕ 6ರಲ್ಲಿದೆ. ನಿಮ್ಮ ಸ್ತ್ರೀ ಸಂಘದಲ್ಲಿ ಇನ್ನಿಬ್ಬರು ಅಕ್ಕಂದಿರಿಗೆ ಹೇಳಿ, ಒಂದೊಂದು ದಿನ ಹಂಚಿಕೊಳ್ಳಿ. ಇದು ಸೋಲಲ್ಲ. ಬೇಡ, ನಾನೇ ಮಾಡಬೇಕು ಅಂತ ಒಳಗಿನಿಂದ ಯಾರೋ ಹಠ ಹಿಡಿದ ಹಾಗೆ ಅನಿಸಿದರೆ, ನೀವು ನಿಜವಾಗಿ ಹುಡುಕಬೇಕಾದದ್ದು ಆ ಹಠವನ್ನು. ಅಜ್ಜಿಗೆ ಊಟ ಸಿಗುವುದು ಮುಖ್ಯವಾ, ಅದನ್ನು ನಾನು ಕೊಟ್ಟೆ ಅನ್ನುವುದು ಮುಖ್ಯವಾ? ಇದು ಕಷ್ಟದ ಪ್ರಶ್ನೆ. ಚರ್ಚಿನಲ್ಲಿ ತುಂಬಾ ಕೆಲಸ ಮಾಡುವ ಒಳ್ಳೆಯ ಜನರೇ ಇಲ್ಲಿ ಎಡವುವುದನ್ನು ನೋಡಿದ್ದೇನೆ.

ಮಾರ್ಥಳ ಕಥೆ ನಿಮಗೆ ಗೊತ್ತು. ಯೇಸು ಮನೆಗೆ ಬಂದಾಗ ಅವಳು ಅಡುಗೆಯಲ್ಲಿ ಮುಳುಗಿದ್ದಳು, ತಂಗಿ ಮರಿಯಳು ಯೇಸುವಿನ ಪಾದದ ಹತ್ತಿರ ಕೂತಿದ್ದಳು. ನಮ್ಮ ಪ್ರಸಂಗಗಳಲ್ಲಿ ಮಾರ್ಥಳಿಗೆ ಯಾವಾಗಲೂ ಬೈಗುಳ. ಆದರೆ ಲೂಕ 10ರಲ್ಲಿ ಯೇಸು ಅಡುಗೆ ಮಾಡಿದ್ದಕ್ಕೆ ಏನೂ ಹೇಳಲಿಲ್ಲ, ಅವಳ ಚಿಂತೆ ಗಡಿಬಿಡಿಯ ಬಗ್ಗೆ ಮತ್ತು ತಂಗಿಯ ಮೇಲೆ ಹೇಳಿದ ದೂರಿನ ಬಗ್ಗೆ ಹೇಳಿದನು. ಯೋಹಾನ 12ಕ್ಕೆ ಬನ್ನಿ. ಬೇಥಾನ್ಯದಲ್ಲಿ ಮತ್ತೆ ಊಟ, ಮಾರ್ಥಳು ಮತ್ತೆ ಬಡಿಸುತ್ತಿದ್ದಾಳೆ. ಅವಳು ಸೇವೆ ಬಿಟ್ಟಿಲ್ಲ. ಮರಿಯಳು ಈ ಸಲವೂ ಯೇಸುವಿನ ಪಾದದ ಹತ್ತಿರವೇ ಇದ್ದಾಳೆ, ದುಬಾರಿ ತೈಲ ಸುರಿಯುತ್ತಿದ್ದಾಳೆ. ಅದನ್ನು ತಪ್ಪು ಅಂದದ್ದು, ಮುಂದೆ ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದ. ಮಾರ್ಥಳ ಬಾಯಿಂದ ಒಂದು ದೂರೂ ಬರಲಿಲ್ಲ. ನಿಮ್ಮ ಪ್ರಶ್ನೆಗೆ ಸತ್ಯವೇದದಲ್ಲಿ ಯಾರನ್ನಾದರೂ ತೋರಿಸಬೇಕಾದರೆ ನಾನು ಈ ಎರಡನೇ ಮಾರ್ಥಳನ್ನು ತೋರಿಸುತ್ತೇನೆ.

ಈಗ ಫೋಟೋ. ಹೊಗಳಿಕೆ ಕೇಳಿ ಖುಷಿಯಾದದ್ದಕ್ಕೆ ಅಷ್ಟೊಂದು ನಾಚಿಕೆ ಬೇಡ. ಮನುಷ್ಯರಿಗೆ ಹಾಗಾಗುತ್ತದೆ. ಮತ್ತಾಯ 6ರಲ್ಲಿ ಯೇಸು ಬೇಡ ಅಂದದ್ದು, ಜನ ನೋಡಲಿ ಅಂತಲೇ ತುತ್ತೂರಿ ಊದಿಸಿಕೊಂಡು ಧರ್ಮ ಮಾಡುವುದನ್ನು. ಪಕ್ಕದ ಅಧ್ಯಾಯದಲ್ಲಿ ನಿಮ್ಮ ಬೆಳಕು ಜನರ ಮುಂದೆ ಪ್ರಕಾಶಿಸಲಿ ಅಂತ ಹೇಳಿದವನೂ ಅವನೇ. ಯಾರಿಗೂ ಕಾಣಬಾರದು ಅಂತ ಅಲ್ಲ. ಕಂಡರೂ ಕಾಣದಿದ್ದರೂ ನೀವು ಮಾಡುವುದು ಒಂದೇ ಆಗಿರಬೇಕು. ಅಪೊಸ್ತಲರ ಕೃತ್ಯಗಳು 4ರ ಕೊನೆಯಲ್ಲಿ ಬಾರ್ನಬನು ಹೊಲ ಮಾರಿ ಹಣ ತಂದಿಟ್ಟ ಸುದ್ದಿ ಇದೆ. ಅದು ಎಲ್ಲರಿಗೂ ಗೊತ್ತಾಯಿತು, ಅದರಿಂದ ಅವನಿಗೆ ಏನೂ ಕೆಡುಕಾಗಲಿಲ್ಲ. ಮುಂದಿನ ಅಧ್ಯಾಯದಲ್ಲೇ ಅನನೀಯ ಮತ್ತು ಸಫೈರ. ಅವರೂ ಆಸ್ತಿ ಮಾರಿದರು, ಸ್ವಲ್ಪ ಹಣ ಇಟ್ಟುಕೊಂಡು ಪೂರ್ತಿ ಕೊಟ್ಟವರ ಹಾಗೆ ತೋರಿಸಿಕೊಂಡರು. ಇಟ್ಟುಕೊಂಡದ್ದು ತಪ್ಪಲ್ಲ, ಅದು ನಿನ್ನದೇ ಆಗಿತ್ತಲ್ಲ ಅಂತ ಅಪೊಸ್ತಲ ಪೇತ್ರನೇ ಹೇಳುತ್ತಾನೆ. ಸುಳ್ಳು ತಪ್ಪು. ನೀವು ಸುಳ್ಳು ಹೇಳಿಲ್ಲ, ನಿಮ್ಮ ಖುಷಿಯನ್ನು ಮುಚ್ಚಿಡಲೂ ಇಲ್ಲ, ನನಗೆ ಬರೆದಿದ್ದೀರಿ. ಅದರ ಚಿಂತೆ ಬಿಡಿ.

ಆದರೆ ಆ ಫೋಟೋದಲ್ಲಿ ಇನ್ನೊಬ್ಬರು ಇದ್ದಾರೆ, ಅವರ ಬಗ್ಗೆ ನನಗೆ ಚಿಂತೆ ಇದೆ. ಹಾಸಿಗೆಯಲ್ಲಿ ಮಲಗಿದ ರೋಗಿ. ಡ್ರಿಪ್ ಹಾಕಿದೆ, ತಲೆ ಬಾಚಿಲ್ಲ, ಬಟ್ಟೆ ಸರಿಯಿಲ್ಲ, ಸುತ್ತ ಎಂಟು ಜನ ನಿಂತು ಎರಡು ಬಾಳೆಹಣ್ಣು ಕೊಟ್ಟು ಕ್ಯಾಮೆರಾ ನೋಡುತ್ತಿದ್ದಾರೆ. ಆ ರೋಗಿ ಬೇಡ ಅಂತ ಹೇಳಲು ಸಾಧ್ಯವಾ? ಅದೇ ಜಾಗದಲ್ಲಿ ನಿಮ್ಮ ಅಮ್ಮ ಇದ್ದು ಬೇರೆ ಯಾರೋ ಫೋಟೋ ಹಾಕಿದ್ದರೆ ನಿಮಗೆ ಹೇಗಾಗುತ್ತಿತ್ತು? ವಾರ್ಡಿನಲ್ಲಿ ಫೋಟೋ ಬೇಡವೇ ಬೇಡ ಅಂತ ನಿಮ್ಮ ಸಂಘದಲ್ಲಿ ತೀರ್ಮಾನ ಮಾಡಿ. ಲೆಕ್ಕ ಕೊಡಬೇಕಾದರೆ ಹಣ್ಣಿನಂಗಡಿಯ ಬಿಲ್ ಸಾಕು.

ಹಣ್ಣಿನ ಬಗ್ಗೆಯೂ ಒಂದು ಮಾತು. ವಾರ್ಡಿನಲ್ಲಿ ಎಲ್ಲರಿಗೂ ಒಂದೇ ಥರ ಹಂಚುವುದು ಸುಲಭ, ಆದರೆ ಅದರಿಂದ ತೊಂದರೆಯೂ ಆಗಬಹುದು. ಆಪರೇಷನ್‌ಗೆ ಕಾಯುತ್ತಿರುವವರು ಏನೂ ತಿನ್ನಬಾರದು. ಸಕ್ಕರೆ ಕಾಯಿಲೆಯವರಿಗೆ ಬ್ರೆಡ್ ಯೋಚನೆ ಮಾಡಿ ಕೊಡಬೇಕು. ಕಿಡ್ನಿ ಕೆಟ್ಟವರಿಗೆ ಬಾಳೆಹಣ್ಣಿನ ಪೊಟ್ಯಾಸಿಯಂ ಅಪಾಯ. ಮೊದಲು ನರ್ಸಮ್ಮನನ್ನು ಕೇಳಿ, ಯಾರಿಗೆ ಏನು ಕೊಡಬಹುದು ಅಂತ. ಹಾಗೇ, ಇಲ್ಲಿ ಯಾರಿಗೆ ಯಾರೂ ಇಲ್ಲ ಅಂತಲೂ ಕೇಳಿ, ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಹಳ್ಳಿಯಿಂದ ಬಂದವರಿಗೆ ಎಷ್ಟೋ ಸಲ ಹಣ್ಣಿಗಿಂತ ಬೇರೆಯದೇ ಬೇಕಾಗಿರುತ್ತದೆ. ರೋಗಿಯ ಹತ್ತಿರ ಸ್ವಲ್ಪ ಹೊತ್ತು ಕೂತರೆ ಜೊತೆಗಿರುವ ಹೆಂಡತಿ ಹೋಗಿ ಸ್ನಾನ ಮಾಡಿ ಬರುತ್ತಾಳೆ. ಸರ್ಕಾರದ ಚಿಕಿತ್ಸಾ ನೆರವಿನ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಗೆ ಆಧಾರ್, ರೇಷನ್ ಕಾರ್ಡ್ ಹಿಡಿದು ಎಲ್ಲಿ ಹೋಗಬೇಕು ಅಂತ ತಿಳಿಯದೆ ಎಷ್ಟೋ ಜನ ಕೂತಿರುತ್ತಾರೆ. ನೀವು ಬ್ಯಾಂಕಿನವರು, ಫಾರಂ ತುಂಬುವುದು ನಿಮಗೆ ಏನೂ ಅಲ್ಲ, ಅವರಿಗೆ ಅದು ದೊಡ್ಡ ಬೆಟ್ಟ. ಸಂಘದವರೆಲ್ಲ ಒಟ್ಟಿಗೆ ಹೋಗುವ ಬದಲು ಇಬ್ಬಿಬ್ಬರಾಗಿ ಬೇರೆ ಬೇರೆ ವಾರ ಹೋದರೆ ಇದೆಲ್ಲ ಆಗುತ್ತದೆ.

ನಮ್ಮ ನಾಡಿನಲ್ಲಿ ನೆನಪಿನಲ್ಲಿ ಉಳಿದ ಕ್ರೈಸ್ತ ಸೇವೆ ನೋಡಿದರೆ ಅದು ಹೀಗೇ ಬೆಳೆದದ್ದು. ನಿಮ್ಮ ಊರಿನವರು ಮಿಷನ್ ಆಸ್ಪತ್ರೆ ಅಂತ ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆ 1906ರಲ್ಲಿ ಹೆಂಗಸರಿಗೆ, ಮಕ್ಕಳಿಗೆ ಅಂತ ಶುರುವಾಯಿತು. ಮಂಗಳೂರಿಗೆ 1878ರಲ್ಲಿ ಬಂದ ಜೆಸ್ವಿತ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಹೋಮಿಯೋಪತಿ ಔಷಧಾಲಯ ತೆರೆದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಉಡುಪಿಯಲ್ಲಿ 1923ರಲ್ಲಿ ಡಾಕ್ಟರ್ ಇವಾ ಲೊಂಬಾರ್ಡ್ ಶುರು ಮಾಡಿದ ಆಸ್ಪತ್ರೆಗೆ ಈಗಲೂ ಅವರದೇ ಹೆಸರು. ಇವರೆಲ್ಲ ಎದುರಿಗೆ ಕಂಡ ಕೊರತೆಗೆ ಕೈಹಾಕಿದರು. ಒಳ್ಳೆ ಮನಸ್ಸಿದೆ ಅಂತ ಬರೀ ಪ್ರಾರ್ಥನೆ ಮಾಡಿ ಬರಲಿಲ್ಲ, ಔಷಧಿ ಹೇಗೆ ಕೊಡಬೇಕು ಅಂತ ಕಲಿತು ಮಾಡಿದರು. ಕೆಲಸವನ್ನು ಸರಿಯಾಗಿ ಕಲಿಯುವುದೂ ಪ್ರಾಮಾಣಿಕ ಮನಸ್ಸಿನ ಭಾಗ. ನಾನು ಚಾಪ್ಲಿನ್ ಆಗಿದ್ದಾಗ ರಾತ್ರಿ ಪಾಳಿಯ ನರ್ಸುಗಳನ್ನು ನೋಡುತ್ತಿದ್ದೆ. ಹಾಸಿಗೆ ಹಿಡಿದವರಿಗೆ ಬೆನ್ನಲ್ಲಿ ಹುಣ್ಣಾಗಬಾರದು ಅಂತ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು. ಬೆಳಗಿನ ಜಾವ ನಾಲ್ಕು ಗಂಟೆಗೆ ಯಾರಿಗೂ ಅದನ್ನು ಮಾಡುವಾಗ ಭಕ್ತಿ ಉಕ್ಕುವುದಿಲ್ಲ. ನಿದ್ದೆಗಣ್ಣಲ್ಲೇ ಮೆಲ್ಲಗೆ, ನೋವಾಗದ ಹಾಗೆ ತಿರುಗಿಸುತ್ತಿದ್ದರು. ಆ ರೋಗಿಗಳ ಬೆನ್ನಲ್ಲಿ ಹುಣ್ಣು ಆಗಲಿಲ್ಲ.

ಪ್ರಾರ್ಥನೆಯ ವಿಷಯ ಇವತ್ತಿನ ಕಾಲದಲ್ಲಿ ಹೇಳಲೇಬೇಕು. ವಾರ್ಡಿನಲ್ಲಿ ಬೇರೆ ಧರ್ಮದವರೇ ಜಾಸ್ತಿ. ನಿಮಗಾಗಿ ಪ್ರಾರ್ಥನೆ ಮಾಡಲಾ ಅಂತ ಕೇಳಿ. ಬೇಡ ಅಂದರೆ ಅಷ್ಟೇ ಪ್ರೀತಿಯಿಂದ ಮಾತಾಡಿಸಿ, ನೀರು ತಂದುಕೊಡಿ, ಬನ್ನಿ. ಹಣ್ಣು ತೆಗೆದುಕೊಂಡದ್ದಕ್ಕೆ ಪ್ರಾರ್ಥನೆಗೆ ತಲೆ ಬಾಗಿಸಲೇಬೇಕು ಅನ್ನುವ ಸಂಕೋಚ ಯಾರಿಗೂ ಬರಬಾರದು. ಯೇಸು ಹೇಳಿದ ಕಥೆಯಲ್ಲಿ ಒಳ್ಳೆಯ ಸಮಾರ್ಯದವನು ದಾರಿಯಲ್ಲಿ ಬಿದ್ದಿದ್ದವನ ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ, ಕತ್ತೆಯ ಮೇಲೆ ಕೂರಿಸಿ ಛತ್ರಕ್ಕೆ ಕರೆತಂದ, ಎರಡು ಬೆಳ್ಳಿ ನಾಣ್ಯ ಕೊಟ್ಟ, ಇನ್ನೂ ಖರ್ಚಾದರೆ ವಾಪಸ್ ಬರುವಾಗ ಕೊಡುತ್ತೇನೆ ಅಂದ. ಗಾಯಗೊಂಡವನಿಂದ ಒಂದು ಮಾತನ್ನೂ ಕೇಳಲಿಲ್ಲ. ಸೇವೆಯ ಹಿಂದೆ ಗಾಳ ಇಟ್ಟುಕೊಂಡರೆ ಅದು ಕ್ರಿಸ್ತನ ಸೇವೆ ಅಲ್ಲ, ಇದನ್ನು ನಾನು ನಮ್ಮವರಿಗೇ ನೇರವಾಗಿ ಹೇಳುತ್ತೇನೆ.

ಯೇಸು ಸ್ವಾಮಿ ಶಿಷ್ಯರ ಕಾಲು ತೊಳೆದ ರಾತ್ರಿಯನ್ನು ಯೋಹಾನ 13ರಲ್ಲಿ ಇನ್ನೊಮ್ಮೆ ಓದಿ. ಯೂದನು ಎದ್ದು ಹೊರಗೆ ಹೋದದ್ದು ಕಾಲು ತೊಳೆದಾದ ಮೇಲೆ. ಅಂದರೆ ಅವನ ಕಾಲನ್ನೂ ತೊಳೆದನು, ಏನು ಮಾಡಲಿದ್ದಾನೆ ಅಂತ ಗೊತ್ತಿದ್ದೇ ತೊಳೆದನು. ಪೇತ್ರನದು ಬೇರೆ ಕಷ್ಟ. ನೀನು ನನ್ನ ಕಾಲು ತೊಳೆಯುವುದಾ, ಬೇಡವೇ ಬೇಡ ಅಂದ. ಸೇವೆ ಮಾಡಿಸಿಕೊಳ್ಳುವುದು ಅವನಿಗೆ ಆಗಲಿಲ್ಲ. ಬೇರೆಯವರಿಗೆ ಮಾಡಿ ಅಭ್ಯಾಸವಾದವರಿಗೆ ಇದು ಬಹಳ ಕಷ್ಟ. ನಿಮ್ಮ ಅಜ್ಜಿ ನಿಮಗೆ ಏನು ಕೊಡಬಹುದು ಅಂತ ಯೋಚನೆ ಮಾಡಿದ್ದೀರಾ? ಒಂದು ದಿನ ಅವರ ಹತ್ತಿರ, ಆಫೀಸಿನಲ್ಲಿ ಕಷ್ಟ ಆಗಿದೆ ಅಜ್ಜಿ, ನನಗಾಗಿ ಪ್ರಾರ್ಥನೆ ಮಾಡಿ ಅಂತ ಕೇಳಿ. ಅವರು ಮಾಡುವ ಕಾಫಿ ಕುಡಿದು ಬನ್ನಿ, ಸಕ್ಕರೆ ಜಾಸ್ತಿಯಾಗಿದ್ದರೂ ಸರಿ. ಅವರೂ ಕೊಡುವವರಾದರೆ ನಿಮ್ಮಿಬ್ಬರ ನಡುವೆ ಮಾತಿನ ರೀತಿಯೇ ಬದಲಾಗುತ್ತದೆ.

ಮತ್ತಾಯ 25ರಲ್ಲಿ, ಹಸಿದವರಿಗೆ ಕೊಟ್ಟದ್ದು ನನಗೇ ಕೊಟ್ಟದ್ದು ಅಂತ ಯೇಸು ಹೇಳುವ ಕಡೆಯ ತೀರ್ಪಿನ ದೃಶ್ಯದಲ್ಲಿ, ಬಲಗಡೆ ನಿಂತ ನೀತಿವಂತರು ಕೇಳುವ ಪ್ರಶ್ನೆಯನ್ನು ಗಮನಿಸಿ. ಕರ್ತನೇ, ನೀನು ಹಸಿದಿದ್ದನ್ನು ನಾವು ಯಾವಾಗ ಕಂಡೆವು, ಯಾವಾಗ ಊಟ ಕೊಟ್ಟೆವು? ಅವರಿಗೆ ನೆನಪೇ ಇಲ್ಲ. ಆ ಹೊತ್ತಿನಲ್ಲಿ ತಮ್ಮ ಮನಸ್ಸು ಹೇಗಿತ್ತು ಅಂತ ಲೆಕ್ಕ ಇಟ್ಟವರಲ್ಲ ಅವರು. ಹಸಿದವನು ಕಂಡ, ಊಟ ಕೊಟ್ಟರು, ಮುಂದೆ ಹೋದರು. ಪ್ರತಿ ಸಲ ಅಜ್ಜಿಯ ಮನೆಯಿಂದ ಬಂದ ಮೇಲೆ ನಿಮ್ಮನ್ನು ನೀವೇ ತೂಗಿ ನೋಡುವುದನ್ನು ಸ್ವಲ್ಪ ದಿನ ಬಿಡಿ. ರಾತ್ರಿ ಪ್ರಾರ್ಥನೆಯಲ್ಲಿ ನನ್ನ ಮನಸ್ಸು ಶುದ್ಧ ಮಾಡು ಅಂತ ಬೇಡುವ ಬದಲು ಅಜ್ಜಿಯ ಹೆಸರು ಹೇಳಿ, ಅವರ ಮಂಡಿನೋವು ಹೇಳಿ, ವಾರ್ಡಿನ ಮೂಲೆ ಹಾಸಿಗೆಯವರನ್ನು ನೆನೆಯಿರಿ.

ಕಡೆಗೆ ಎರಡು ವ್ಯವಹಾರದ ವಿಷಯ. ಅಜ್ಜಿಗೆ 65 ದಾಟಿದ್ದರೆ ಹಿರಿಯರಿಗೆ ಸರ್ಕಾರ ಕೊಡುವ ಸಂಧ್ಯಾ ಸುರಕ್ಷಾ ಪಿಂಚಣಿ ಬರುತ್ತಿದೆಯಾ ಅಂತ ವಿಚಾರಿಸಿ. ಬರುತ್ತಿದ್ದು ನಿಂತುಹೋಗಿದ್ದರೆ ಹೆಚ್ಚಾಗಿ ಆಧಾರ್ ಜೋಡಣೆಯದೋ ಬ್ಯಾಂಕ್ ಖಾತೆಯದೋ ತೊಂದರೆ ಇರುತ್ತದೆ, ಅದು ನಿಮ್ಮದೇ ಕ್ಷೇತ್ರ. ನಾಡಕಚೇರಿಗೆ ಅವರನ್ನು ಕರೆದುಕೊಂಡು ಹೋಗಬೇಕಾದರೆ ಒಂದು ದಿನ ರಜೆ ಹಾಕಿ. ಇನ್ನೊಂದು, ಇತ್ತೀಚೆಗೆ ದೂರು ಜಾಸ್ತಿಯಾಗಿದ್ದರೆ, ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುತ್ತಿದ್ದರೆ, ಒಲೆ ಆರಿಸಲು ಮರೆಯುತ್ತಿದ್ದರೆ ಅದು ಸ್ವಭಾವ ಅಂತ ಬಿಡಬೇಡಿ, ಡಾಕ್ಟರಿಗೆ ತೋರಿಸಿ. ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿದರೆ ಹತ್ತಿರದಲ್ಲಿ ಏನು ಸೌಲಭ್ಯ ಇದೆ ಅಂತ ಹೇಳುತ್ತಾರೆ. ಫೋಟೋ ನಿಲ್ಲಿಸುವ ಮಾತನ್ನು ಸಂಘದಲ್ಲಿ ನೀವೊಬ್ಬರೇ ಎತ್ತಲು ಸಂಕೋಚವಾದರೆ ಮೊದಲು ನಿಮ್ಮ ಅಯ್ಯನವರ ಹತ್ತಿರ ಮಾತಾಡಿ, ಈ ಉತ್ತರವನ್ನು ಅವರಿಗೆ ತೋರಿಸಲೂಬಹುದು.